ಟಾಟಾ ಕಿಟಕಿಯಲ್ಲಿ ಎರಡು ಬೆರಳು

ಅವನು ಮಾಡಿದ ತಪ್ಪು ನೋಡಲು ಬಹಳ ಸಣ್ಣದು. ಎಲ್ಲರೂ ಬಟಾಣಿ ಅನ್ನುವ ಅಕ್ಕನ ಮಗಳನ್ನು ಪ್ರಿಸ್ಕೂಲಿಗೆ ಕರೆತಂದ, ಬ್ಲಾಕ್ಸ್ ಮೂಲೆಯಲ್ಲಿ ಕೂರಿಸಿದ. ಅವಳು ಗೋಪುರ ಕಟ್ಟುವುದರಲ್ಲಿ ಮೈಮರೆತಿದ್ದಾಳೆ ಎಂದು ಖಾತ್ರಿಯಾದ ಮೇಲೆ ಶೂಗಳನ್ನು ಕೈಯಲ್ಲಿ ಹಿಡಿದುಕೊಂಡು ಕಳ್ಳಬೆಕ್ಕಿನ ಹಾಗೆ ಹೊರಗೆ ಜಾರಿದ. ಗೇಟು ದಾಟಿದ ಮೇಲೆ ತನ್ನ ಜಾಣತನಕ್ಕೆ ತಾನೇ ಬೆನ್ನು ತಟ್ಟಿಕೊಂಡನಂತೆ.

ಒಳಗೆ ಗೋಪುರ ಮುಗಿಯಿತು. ಮಗು “ಮಾಮಾ, ನೋಡು” ಎಂದು ತಿರುಗಿದರೆ ಮಾಮ ಕೂತಿದ್ದ ಜಾಗ ಖಾಲಿ. ಆಮೇಲೆ ಎದ್ದ ಅಳುವಿಗೆ ತರಗತಿಯ ಗಾಜಿನ ತೊಟ್ಟಿಯ ಮೀನುಗಳೂ ಮೂಲೆ ಸೇರಿದವು ಎಂದು ಆಯಮ್ಮ ಹೇಳುತ್ತಾಳೆ. ಆಯಮ್ಮನ ಮಾತಿಗೆ ಉಪ್ಪುಖಾರ ಸ್ವಲ್ಪ ಹೆಚ್ಚೇ. ಆದರೆ ಅಳು ಜೋರಾಗಿದ್ದದ್ದು ನಿಜ.

ಸಂಜೆ ಅವನು ಬಂದಾಗ ಮಿಸ್ ಬಾಗಿಲಲ್ಲೇ ನಿಂತಿದ್ದಳು. ತೋಳಿನ ಮೇಲೆ ಒಣಗಿದ ನೀಲಿ ಬಣ್ಣ, ಕೂದಲಿಗೆ ಸಿಕ್ಕಿಕೊಂಡ ಹೊಳೆಯುವ ಕಾಗದದ ಚೂರು. ನೋಡಲು ಮೆತ್ತಗಿನ ಹೆಂಗಸು. ಮೆತ್ತಗಲ್ಲ ಎಂದು ಬಾಯಿ ಬಿಟ್ಟ ಮೇಲೆ ಅವನಿಗೆ ಗೊತ್ತಾಯಿತು.

“ನೀವು ಬಟಾಣಿಗೆ ಏನಾಗಬೇಕು?”

“ಸೋದರಮಾವ, ಮಿಸ್.”

“ಸೋದರಮಾವ ಆದೋರು ಕಳ್ಳನ ಹಾಗೆ ಯಾಕೆ ಹೋದ್ರಿ?”

“ಆಡ್ತಾ ಇದ್ಲಲ್ಲ. ಸುಮ್ನೆ ಯಾಕೆ ಅಳಿಸೋದು ಅಂತ...”

“ಹೇಳಿ ಹೋಗಿದ್ರೆ ಸ್ವಲ್ಪ ಹೊತ್ತು ಅಳ್ತಿದ್ಲು, ಮುಗೀತಿತ್ತು. ಈಗ ನೋಡಿ, ಇಡೀ ದಿನ ಬಾಗಿಲಿಗೆ ಬೆನ್ನು ಹಾಕಿಲ್ಲ. ಊಟಕ್ಕೆ ಕೂತ್ರೂ ಬಾಗಿಲ ಕಡೆ ಮುಖ, ಮಲಗಿಸಿದ್ರೂ ಬಾಗಿಲ ಕಡೆ ಮುಖ. ಯಾರು ಯಾವಾಗ ಮಾಯ ಆಗ್ತಾರೋ ಅಂತ ಕಾಯೋ ಮಗು ಆಡುತ್ತಾ? ಕಲಿಯುತ್ತಾ?”

ಅವನು ನಾಲಿಗೆ ಕಚ್ಚಿಕೊಂಡ. ಹೆಗಲಲ್ಲಿದ್ದ ಟೂಲ್ ಬ್ಯಾಗನ್ನು ಒಂದು ಭುಜದಿಂದ ಇನ್ನೊಂದಕ್ಕೆ ಬದಲಾಯಿಸಿದ. “ತಪ್ಪಾಯ್ತು ಮಿಸ್. ಇನ್ನೊಂದ್ಸಲ ಹೀಗಾಗಲ್ಲ.”

“ಇಲ್ಲಿ ಇರೋದು ಒಂದೇ ರೂಲು. ಹೇಳದೆ ಹೋಗಬಾರದು.”

ಆ ಮಾತು ಹೇಳುವಾಗ ಅವಳ ದನಿ ಸ್ವಲ್ಪ ನಡುಗಿತು. ಕೋಪ ಇರಬೇಕೆಂದು ಅವನು ಅಂದುಕೊಂಡ.

*

ಆ ಶಾಲೆಯಲ್ಲಿ ಮಕ್ಕಳ ಎತ್ತರಕ್ಕೆ ಕೂರಿಸಿದ ಒಂದು ತಗ್ಗು ಕಿಟಕಿ ಇತ್ತು. ಎಲ್ಲರೂ ಅದನ್ನು ಟಾಟಾ ಕಿಟಕಿ ಅನ್ನುತ್ತಿದ್ದರು. ಬಿಡಲು ಬಂದವರು ಮಗುವಿನ ಕಣ್ಣಲ್ಲಿ ಕಣ್ಣಿಟ್ಟು “ಹೋಗಿ ಬರ್ತೀನಿ” ಅನ್ನಬೇಕು. ಹೊರಗೆ ಹೋಗಿ ಗೇಟಿನ ಪಕ್ಕದ ಹಳದಿ ದೀಪದ ಕಂಬದ ಬಳಿ ನಿಂತು ಕೈ ಬೀಸಬೇಕು. ಮಗು ಒಳಗಿನಿಂದ ಕೈ ಬೀಸಿದ ಮೇಲೆ ಹೊರಡಬೇಕು. ಅತ್ತರೆ ಅಳಲಿ. ಮಿಸ್ ಪ್ರತಿ ಮಗುವಿನ ಬೆನ್ನ ಮೇಲೆ ಕೈಯಿಟ್ಟು ಒಂದೇ ಮಾತು ಹೇಳುತ್ತಿದ್ದಳು: “ಹೋದವರು ಬರ್ತಾರೆ.”

ಮಕ್ಕಳಿಗೆ ಕಲಿಸಬೇಕಾದ ಮೊದಲ ಪಾಠ ಅದೇ ಎಂದು ಅವಳ ನಂಬಿಕೆ. ಅಆಇಈ ಎಲ್ಲ ಆಮೇಲೆ. ಹೋದವರು ಬರುತ್ತಾರೆ ಎಂದು ನಂಬಿದ ಮಗು ಮಾತ್ರ ಬಾಗಿಲಿಗೆ ಬೆನ್ನು ಹಾಕಿ ಕೂರುತ್ತದೆ. ಕತ್ತರಿ ಹಿಡಿಯುವುದು, ಸರದಿ ಕಾಯುವುದು, ಜಗಳವಾಡಿ ರಾಜಿಯಾಗುವುದು, ಬಾಯಿ ತೆರೆದುಕೊಂಡು ಕಥೆ ಕೇಳುವುದು ಎಲ್ಲವೂ ಶುರುವಾಗುವುದು ಹಾಗೆ ಬೆನ್ನು ಹಾಕಿದ ಮೇಲೆಯೇ. ವರ್ಷದ ಕೊನೆಗೆ ದೊಡ್ಡ ಸ್ಕೂಲಿನ ಮೆಟ್ಟಿಲು ಹತ್ತಲು ಬೇಕಾದದ್ದೂ ಅಷ್ಟೇ.

ಊರಿನ ಮಕ್ಕಳಿಗೆಲ್ಲ ಕಲಿಸಿದ ಆ ಪಾಠ ಅವಳಿಗೇ ಬಂದಿರಲಿಲ್ಲ.

ಕೆಲವು ವರ್ಷಗಳ ಹಿಂದೆ ಅವಳ ಗಂಡ ದಿನಾ ಬೆಳಿಗ್ಗೆ ಅವಳನ್ನು ಬೈಕಿನಲ್ಲಿ ತಂದುಬಿಟ್ಟು, ಅಪ್ಪ ಅಮ್ಮಂದಿರ ಗುಂಪಿನಲ್ಲಿ ತಾನೂ ಆ ಕಂಬದ ಬಳಿ ನಿಲ್ಲುತ್ತಿದ್ದ. ಹೆಲ್ಮೆಟ್ಟು ಕಂಕುಳಲ್ಲಿ. ಕೈ ಬೀಸಲು ಅವನಿಗೆ ನಾಚಿಕೆ. ಎದೆಯ ಮಟ್ಟದಲ್ಲಿ ಎರಡು ಬೆರಳು ಮಾತ್ರ ಎತ್ತುತ್ತಿದ್ದ, ಬೇರೆ ಯಾರ ಕಣ್ಣಿಗೂ ಬೀಳದ ಹಾಗೆ. ಅವಳೂ ಮಕ್ಕಳ ತಲೆಗಳ ಹಿಂದಿನಿಂದ ಎರಡು ಬೆರಳು ಎತ್ತುತ್ತಿದ್ದಳು. ಒಂದು ಬೆಳಿಗ್ಗೆ ಹಾಗೆಯೇ ಎತ್ತಿದರು. ಮಧ್ಯಾಹ್ನ ಮಕ್ಕಳು ಮಲಗಿದ್ದ ಹೊತ್ತಿನಲ್ಲಿ ಶಾಲೆ ನಡೆಸುವ ದೊಡ್ಡ ಮಿಸ್ ಬಂದು ಅವಳನ್ನು ಹೊರಗೆ ಕರೆದರು. ರಸ್ತೆ ತಿರುವು, ಲಾರಿ, ಅಷ್ಟೇ. ಹೇಳಿಯೇ ಹೋಗಿದ್ದ, ಬರಲಿಲ್ಲ.

ಅವಳು ಮಾರನೆಯ ತಿಂಗಳು ಕೆಲಸಕ್ಕೆ ವಾಪಸು ಬಂದಳು. ಮಕ್ಕಳ ಬೆನ್ನ ಮೇಲೆ ಕೈಯಿಟ್ಟು ಅದೇ ಮಾತು ಹೇಳಿದಳು. ಎಲ್ಲರೂ ಹೋದ ಮೇಲೆ ಕಂಬದ ಬಳಿ ಒಂದು ಗಳಿಗೆ ಯಾರೋ ಉಳಿದಂತೆ ಅವಳಿಗೆ ಅನ್ನಿಸುತ್ತಿತ್ತು. ಆ ಗಳಿಗೆಯಲ್ಲಿ ತಾನು ಎಲ್ಲಿರುತ್ತೇನೆ, ಏನು ಮಾಡುತ್ತೇನೆ ಎಂಬುದು ಅವಳಿಗೆ ತಿಳಿಯುತ್ತಿರಲಿಲ್ಲ. “ಮಿಸ್ಸೇ, ಹಾಲು ಆರಿಹೋಯ್ತು” ಎಂದು ಆಯಮ್ಮ ಕೂಗಿದ ಮೇಲೆಯೇ ಎಚ್ಚರ.

*

ಬಟಾಣಿಯ ಅಮ್ಮ ಆಸ್ಪತ್ರೆಯಲ್ಲಿ ನರ್ಸು, ಬೆಳಗಿನಿಂದ ರಾತ್ರಿಯವರೆಗೆ ಡ್ಯೂಟಿ. ಅಪ್ಪನಿಗೆ ಹಡಗಿನಲ್ಲಿ ಕೆಲಸ, ಮನೆಗೆ ಬರುವುದೇ ಅಪರೂಪ. ಹಾಗಾಗಿ ಬಿಡುವುದು, ಕರೆದೊಯ್ಯುವುದು ಎರಡೂ ಮಾಮನ ಪಾಲಿಗೆ. ಅವನು ಲಿಫ್ಟ್ ರಿಪೇರಿ ಮಾಡುವವನಾದ್ದರಿಂದ ಒಂದೇ ವಾರದಲ್ಲಿ ಇಡೀ ತರಗತಿಗೆ ‘ಲಿಫ್ಟ್ ಮಾಮ’ ಆದ.

ತಪ್ಪು ತಿದ್ದಿಕೊಳ್ಳುವುದರಲ್ಲಿ ಅವನು ಅತಿಗೆ ಹೋದ. ಮಾರನೆಯ ದಿನ ಮಂಡಿಯೂರಿ ಬಟಾಣಿಗೆ ಹೇಳಿದ, ಅವಳ ಗೊಂಬೆಗೆ ಹೇಳಿದ, ಆಯಮ್ಮನಿಗೆ ಹೇಳಿದ, ಮೀನುಗಳಿಗೂ ಹೇಳಿದ. ಕೊನೆಗೆ ಮಿಸ್ ಎದುರು ನೆಟ್ಟಗೆ ನಿಂತ.

“ಮಿಸ್, ಹೋಗಿ ಬರ್ತೀನಿ.”

“ನನಗ್ಯಾಕೆ ಹೇಳ್ತೀರಿ?”

“ಹೇಳದೆ ಹೋಗಬಾರದು ಅಂದ್ರಲ್ಲ. ಯಾರ್ಯಾರಿಗೆ ಅಂತ ಹೇಳ್ಲಿಲ್ಲ.”

ಅವಳು ನಗು ತಡೆಯಲು ತುಟಿ ಬಿಗಿಹಿಡಿದಳು. ಆಯಮ್ಮ ಬಕೆಟ್ಟು ಕೆಳಗಿಟ್ಟು ಇಬ್ಬರನ್ನೂ ಒಂದೊಂದು ಸಲ ನೋಡಿ ಮತ್ತೆ ಬಕೆಟ್ಟು ಎತ್ತಿಕೊಂಡಳು.

ಹೀಗೇ ಶುರುವಾದದ್ದು. ಅವನು ಸಂಜೆ ಬಂದರೆ ಬೇಗ ಹೊರಡುತ್ತಿರಲಿಲ್ಲ. ತಿರುಗದ ಆಟಿಕೆ ಬಂಡಿಯ ಚಕ್ರಕ್ಕೆ ಎಣ್ಣೆ ಬಿಡುತ್ತಿದ್ದ. “ನಿಮ್ಮ ಕೆಲಸ ಬರೀ ಮೇಲೆ ಕೆಳಗೆ, ಮುಂದೆ ಹೋಗೋದೇ ಇಲ್ವಾ?” ಎಂದು ಅವಳು ಕೇಳಿದರೆ, “ಯಾರಾದ್ರೂ ಗುಂಡಿ ಒತ್ತಿದ್ರೆ ತಾನೆ ಮಿಸ್” ಎಂದು ಟೂಲ್ ಬ್ಯಾಗಿನ ಜಿಪ್ಪನ್ನು ವಿನಾಕಾರಣ ಎಳೆಯುತ್ತಿದ್ದ. ಅವನು ನಗುವಾಗ ಮೊದಲು ಕಣ್ಣು ನಗುತ್ತಿತ್ತು. ಅದನ್ನು ಅವಳು ಗಮನಿಸಿದ್ದಳು, ಗಮನಿಸಿದ್ದಕ್ಕೆ ತನ್ನನ್ನೇ ಬೈದುಕೊಂಡಿದ್ದಳು.

ಬಟಾಣಿ ಮಾತ್ರ ದಿನೇದಿನೇ ಬೆಳೆಯುತ್ತಿದ್ದಳು. ಬಂದ ಹೊಸತರಲ್ಲಿ ಯಾರಾದರೂ ಬ್ಲಾಕ್ ಕಸಿದರೆ ಬಾಯಿ ಹಾಕಿ ಕಚ್ಚಿಬಿಡುತ್ತಿದ್ದಳು. ಮಿಸ್ ಪ್ರತಿ ಸಲವೂ ಅವಳ ಮುಂದೆ ಕೂತು “ಬಾಯಲ್ಲಿ ಕಚ್ಚಬಾರದು, ಬಾಯಲ್ಲಿ ಹೇಳು” ಅನ್ನುತ್ತಿದ್ದಳು. ತಿಂಗಳುಗಟ್ಟಲೆ ಅದೇ ಮಾತು. ಒಂದು ದಿನ ಬಟಾಣಿ ಮುಷ್ಟಿ ಬಿಗಿದು, ಮೂಗು ಅರಳಿಸಿ, “ನಂಗೆ ಕೋಪ ಬಂದಿದೆ. ದೂರ ನಿಂತ್ಕೋ!” ಎಂದು ಕೂಗಿದಳು. ಕಸಿಯಲು ಬಂದ ಹುಡುಗ ನಿಜವಾಗಿಯೂ ದೂರ ನಿಂತ. ಮಿಸ್‌ಗೆ ಅವತ್ತು ಕಣ್ಣು ತುಂಬಿಬಂತು. ಅದೇ ಸಂಜೆ ಬಟಾಣಿ ತಡವಾಗಿ ಬಂದ ಮಾಮನಿಗೂ ಅದನ್ನೇ ಹೇಳಿದಳು. ಅವನು ಎರಡು ಹೆಜ್ಜೆ ಹಿಂದೆ ಸರಿದು ಕೈಕಟ್ಟಿ ನಿಂತ.

*

ಚಳಿ ಶುರುವಾಗಿ ಕಿಟಕಿಯ ಗಾಜು ಬೆಳಿಗ್ಗೆ ಮಸುಕಾಗುವ ಕಾಲ. ಮಾಮ ಕೈ ಬೀಸಿ ರಸ್ತೆ ದಾಟಿದ. ಉಳಿದ ಮಕ್ಕಳು ಆಟಕ್ಕೆ ಓಡಿದರು. ಬಟಾಣಿ ಕಿಟಕಿ ಬಿಡಲಿಲ್ಲ. ಅಂಗಿಯ ತೋಳಿನಿಂದ ಗಾಜು ಒರೆಸಿದಳು. ಆಮೇಲೆ ಎದೆಯ ಮಟ್ಟದಲ್ಲಿ, ಯಾರ ಕಣ್ಣಿಗೂ ಬೀಳದ ಹಾಗೆ, ಎರಡು ಬೆರಳು ಎತ್ತಿದಳು.

ಮಿಸ್ ಕೈಯಲ್ಲಿದ್ದ ಕ್ರೆಯಾನ್ ಡಬ್ಬಿ ನೆಲಕ್ಕೆ ಬಿತ್ತು.

“ಯಾರಿಗೆ ಬಟಾಣಿ?”

“ಕಂಬದ ಹತ್ರ ಇರೋರಿಗೆ.”

“ಮಾಮ ಹೋದ್ರಲ್ಲ. ಅಲ್ಲಿ ಯಾರೂ ಇಲ್ಲ ಪುಟ್ಟಾ.”

ಬಟಾಣಿ ತಿರುಗಿ, ದೊಡ್ಡವರು ಆಟಕ್ಕೆ ಸುಳ್ಳು ಹೇಳಿದಾಗ ಮಕ್ಕಳು ನೋಡುವ ಹಾಗೆ ಅವಳನ್ನು ನೋಡಿದಳು. “ನಿಮಗೆ ಗೊತ್ತಲ್ಲ ಮಿಸ್!”

ಮಿಸ್ ಹೊರಗೆ ನೋಡಿದಳು. ಆ ಎರಡು ಬೆರಳಿನ ವಿಷಯ ಅವಳು ಯಾರಿಗೂ ಹೇಳಿರಲಿಲ್ಲ. ಅತ್ತೆಗೂ ಗೊತ್ತಿಲ್ಲ. ಗಂಡ ಇದ್ದಾಗ ಈ ಮಗು ಹುಟ್ಟಿರಲೂ ಇಲ್ಲ. ಹೊರಗೆ ಹಳದಿ ಕಂಬ, ಅದರ ಹಿಂದೆ ರಸ್ತೆ, ರಸ್ತೆಯಾಚೆ ನಿಲ್ಲಿಸಿದ ಒಂದು ವ್ಯಾನು. ಮತ್ತೇನೂ ಇರಲಿಲ್ಲ. ಅವಳು ಬಹಳ ಹೊತ್ತು ನೋಡಿದಳು.

ಅದಾದ ಕೆಲವೇ ದಿನಕ್ಕೆ ಇನ್ನೊಂದು. ಸಂಜೆ ಲಿಫ್ಟ್ ಮಾಮ ಬಟಾಣಿಯನ್ನು ಹೆಗಲೇರಿಸಿಕೊಂಡು ಹೊರಟವನು ಗೇಟಿನ ಬಳಿ ತಿರುಗಿದ. ಕೆಲಸದ ಹೆಲ್ಮೆಟ್ಟು ಕಂಕುಳಲ್ಲಿತ್ತು. ಒಂದು ಗುಟ್ಟು ಹಂಚಿಕೊಂಡವನ ಹಾಗೆ ನಾಚಿ ನಕ್ಕು, ಎದೆಯ ಮಟ್ಟದಲ್ಲಿ ಎರಡು ಬೆರಳು ಎತ್ತಿದ.

ನಿಂತ ಜಾಗವೂ ಅದೇ, ಕಂಬದ ಪಕ್ಕ. ಮಿಸ್ ಅಲ್ಲಿ ನಿಲ್ಲಲಿಲ್ಲ. ಒಳಗೆ ಓಡಿ, ಮಕ್ಕಳ ಪುಟ್ಟ ಸಿಂಕಿನ ಮುಂದೆ ಬಗ್ಗಿ ಮುಖಕ್ಕೆ ನೀರು ಎರಚಿಕೊಂಡಳು. ಸತ್ತವನು ಒಬ್ಬೊಬ್ಬರ ಕೈಗೇ ಬಂದು ಕೂರುತ್ತಿದ್ದಾನೆಯೇ? ಬೇರೆಯವನೊಬ್ಬನ ನಗುವಿಗೆ ತಾನು ಕಾದದ್ದು ಅವನಿಗೆ ತಿಳಿದುಹೋಯಿತೇ? ಹುಚ್ಚು ಯೋಚನೆ ಎಂದು ಗೊತ್ತಿದ್ದರೂ ಬಿಡಲಾಗಲಿಲ್ಲ. ಮರುದಿನದಿಂದ ಲಿಫ್ಟ್ ಮಾಮನ ಜೊತೆ ಮಾತು ಕಡಿಮೆ ಮಾಡಿದಳು. ಅವನು ಕಾರಣ ತಿಳಿಯದೆ ಇನ್ನಷ್ಟು ಆಟಿಕೆಗಳಿಗೆ ಎಣ್ಣೆ ಬಿಟ್ಟ.

*

ಉತ್ತರ ಸಿಕ್ಕಿದ್ದು ಮನೆಯಾಟದ ಮೂಲೆಯಲ್ಲಿ.

ಅಲ್ಲಿ ಮರದ ಒಲೆ, ಪುಟ್ಟ ಕುರ್ಚಿ, ತೊಟ್ಟಿಲು, ದೊಡ್ಡವರ ಹಳೇ ಬಟ್ಟೆಗಳ ಬುಟ್ಟಿ. ಮಕ್ಕಳು ಅಲ್ಲಿ ಡಾಕ್ಟರಾಗುತ್ತಾರೆ, ಡ್ರೈವರಾಗುತ್ತಾರೆ, ಜಗಳಗಂಟ ಗಂಡ ಹೆಂಡತಿಯೂ ಆಗುತ್ತಾರೆ. ತಾವು ಕಂಡದ್ದನ್ನು ಮಕ್ಕಳು ಅಲ್ಲಿ ಆಡಿ ಆಡಿ ಅರ್ಥ ಮಾಡಿಕೊಳ್ಳುತ್ತಾರೆ. ಅದಕ್ಕೇ ಮಿಸ್ ಯಾವಾಗಲೂ ಒಂದು ಕಣ್ಣು ಆ ಕಡೆ ಇಟ್ಟಿರುತ್ತಿದ್ದಳು.

ಅವತ್ತು ಬಟಾಣಿ ಮಿಸ್ ಆಗಿದ್ದಳು. ದುಪಟ್ಟಾ ಸುತ್ತಿಕೊಂಡು, ಗೊಂಬೆಗಳನ್ನು ಸಾಲಾಗಿ ಕೂರಿಸಿ, ಒಂದೊಂದರ ಬೆನ್ನು ಸವರುತ್ತಿದ್ದಳು. “ಅಳಬೇಡ. ಹೋದವರು ಬರ್ತಾರೆ. ನೀನೂ ಅಳಬೇಡ.” ಮಿಸ್ ನಸುನಕ್ಕಳು. ದನಿ, ಕತ್ತು ಓರೆ ಮಾಡುವ ರೀತಿ, ಎಲ್ಲ ತನ್ನದೇ.

“ಈಗ ಎಲ್ಲಾರೂ ಆಟ ಆಡಿ” ಎಂದು ಬಟಾಣಿ ಗೊಂಬೆಗಳ ಮುಖ ಗೋಡೆಯ ಕಡೆ ತಿರುಗಿಸಿದಳು. ಆಮೇಲೆ ಒಬ್ಬಳೇ ಕಿಟಕಿಯ ಬಳಿಗೆ ಹೋದಳು. ಹೆಗಲು ಸ್ವಲ್ಪ ಕುಸಿಯಿತು. ತೋಳಿನಿಂದ ಗಾಜು ಒರೆಸಿದಳು, ಎರಡು ಬೆರಳು ಎತ್ತಿದಳು, ಎತ್ತಿದ ಬೆರಳು ಹಾಗೇ ಇಟ್ಟುಕೊಂಡು ಕಾದಳು. ಎಷ್ಟೋ ಹೊತ್ತಾದ ಮೇಲೆ ಕೈ ಇಳಿಸಿ ತಿರುಗಿದಾಗ ಆ ನಾಲ್ಕು ವರ್ಷದ ಮುಖದಲ್ಲಿ ಮುಪ್ಪು ಕಾಣಿಸಿತು.

ಮಿಸ್‌ಗೆ ಈಗ ತಿಳಿಯಿತು. ಹೀಗೋ ವಿಷಯ. ಯಾವ ದೆವ್ವವೂ ಇಲ್ಲ. ದಿನಾ ಬೆಳಿಗ್ಗೆ ತನಗೇ ಗೊತ್ತಿಲ್ಲದೆ ಬೆರಳು ಎತ್ತುತ್ತಿದ್ದವಳು ತಾನೇ. ಮಗು ನೋಡಿದೆ, ಕಲಿತಿದೆ.

ಹಾಗಾದರೆ ಲಿಫ್ಟ್ ಮಾಮ? ಅವನೂ ನೋಡಿದ್ದಾನೆ. ಎಲ್ಲಿಂದ? ರಸ್ತೆಯಾಚೆಯ ಆ ವ್ಯಾನು ಅವಳಿಗೆ ನೆನಪಾಯಿತು, ಅದು ಅವನದೇ. ಆ ಬೆರಳು ತನಗೇ ಎಂದು ಅವನು ತಿಳಿದಿರಬೇಕು.

*

ಅವನಿಗೆ ಹೇಳಬೇಕು, ನಾಳೆ ಹೇಳಬೇಕು ಎಂದುಕೊಳ್ಳುತ್ತಲೇ ದೊಡ್ಡ ಸ್ಕೂಲಿನ ಮೇಡಂ ಬರುವ ದಿನ ಬಂತು. ಮುಂದಿನ ವರ್ಷ ಸೇರುವ ಮಕ್ಕಳನ್ನು ಅವರು ಖುದ್ದಾಗಿ ಬಂದು, ಒಂದು ಮೂಲೆಯಲ್ಲಿ ಕೂತು ನೋಡುತ್ತಾರೆ. ಪ್ರಶ್ನೆ ಪತ್ರಿಕೆ ಇಲ್ಲ. ಮಗು ಬ್ಯಾಗು ತಾನೇ ನೇತುಹಾಕುತ್ತದೆಯೇ, ಸಹಾಯ ಬೇಕಾದರೆ ಕೇಳುತ್ತದೆಯೇ, ಮನೆಯವರನ್ನು ಬಿಟ್ಟು ಇರುತ್ತದೆಯೇ ಎಂದಷ್ಟೇ ನೋಡುವುದು.

ಬಟಾಣಿ ಎಲ್ಲವನ್ನೂ ಮಾಡಿದಳು. ಗುಂಡಿ ಹಾಕಿಕೊಂಡಳು, ಸರದಿ ಕಾದಳು, ಮಾಮನಿಗೆ ಕೈ ಬೀಸಿ ಅಳದೆ ಉಳಿದಳು. ಆಮೇಲೆ ಗಾಜು ಒರೆಸಿ, ಖಾಲಿ ಕಂಬಕ್ಕೆ ಎರಡು ಬೆರಳು ಎತ್ತಿದಳು. ಮೇಡಂ ಹತ್ತಿರ ಹೋಗಿ ಮೆಲ್ಲಗೆ ಏನೋ ಕೇಳಿದರು.

ಸ್ವಲ್ಪ ಹೊತ್ತಿಗೆ ಅವರು ಮಾಮನನ್ನು ಕರೆಸಿದರು. ಅವನು ಎದುರಿನ ವ್ಯಾನಿನಲ್ಲೇ ಇದ್ದ. ಪಕ್ಕದ ಕೋಣೆಯಲ್ಲಿದ್ದದ್ದು ಮಕ್ಕಳ ಕುರ್ಚಿಗಳೇ. ಅವನು ಕೂತಾಗ ಮಂಡಿ ಗಲ್ಲಕ್ಕೆ ತಾಗಿತು. ಬೇರೆ ದಿನವಾಗಿದ್ದರೆ ಮಿಸ್ ನಕ್ಕಿರುತ್ತಿದ್ದಳು.

“ಮಗು ಚುರುಕಾಗಿದೆ” ಎಂದರು ಮೇಡಂ. “ಆದ್ರೆ ಕಂಬದ ಹತ್ರ ಯಾರೋ ಇದ್ದಾರೆ ಅಂತಾಳೆ. ‘ನಂಗೆ ಕಾಣಲ್ಲ, ಆದ್ರೆ ಇದ್ದಾರೆ’ ಅಂದ್ಲು. ಅಪ್ಪ ಹತ್ರ ಇಲ್ಲದ ಮಗು, ಒಳಗೊಳಗೇ ಏನೋ ಕೊರೀತಾ ಇರಬಹುದು. ಇನ್ನೊಂದು ವರ್ಷ ಇಲ್ಲೇ ಇರಲಿ ಅಂತ ನನಗನ್ನಿಸ್ತಿದೆ.”

“ಅಯ್ಯೋ ಮೇಡಂ, ಅದು ನನಗೆ!” ಮಾಮ ಅರ್ಧ ಎದ್ದ. “ಮಗು ಅಳ್ತಾಳೋ ಏನೋ ಅಂತ ನಾನು ವ್ಯಾನಲ್ಲಿ ಸ್ವಲ್ಪ ಹೊತ್ತು ಕೂತು ನೋಡ್ತೀನಿ. ಅವಳು ನನಗೇ ಟಾಟಾ ಮಾಡೋದು. ಮಿಸ್ಸೂ ದಿನಾ ನನಗೆ...” ಅಲ್ಲಿಗೆ ಮಾತು ನಿಂತಿತು. ಕಿವಿ ಕೆಂಪಾಯಿತು. ಹೌದು ಅನ್ನಿ ಎಂಬಂತೆ ಅವಳ ಕಡೆ ನೋಡಿದ.

ಒಂದು ಹೌದು ಅಂದರೆ ಸಾಕಿತ್ತು. ಬಟಾಣಿಗೆ ಸೀಟು, ತನ್ನ ಗುಟ್ಟು, ಅವನ ಕಣ್ಣಿನ ನಗು, ಮೂರೂ ಉಳಿಯುತ್ತಿದ್ದವು. ಆ ಹೌದು ಅವಳ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಬಟಾಣಿ ಕಂಬ ತೋರಿಸಿದ್ದಳು, ವ್ಯಾನನ್ನಲ್ಲ. ಮಗು ಸುಳ್ಳು ಹೇಳಿತು ಎಂದಾಗುತ್ತಿತ್ತು. ಇನ್ನೊಬ್ಬನಿಗೆ ಎತ್ತಿದ ಬೆರಳನ್ನು ನಂಬಿಕೊಂಡು ಇವನು ಜೀವನವಿಡೀ ಓಡಾಡಬೇಕಾಗುತ್ತಿತ್ತು.

“ಮಗುವಿನದಲ್ಲ ಮೇಡಂ, ಅದು ನನ್ನದು” ಎಂದಳು. ದನಿ ತನ್ನದೇ ಅನ್ನಿಸಲಿಲ್ಲ. “ನನ್ನ ಗಂಡ ದಿನಾ ಆ ಕಂಬದ ಹತ್ರ ನಿಂತು ಎರಡು ಬೆರಳು ಎತ್ತಿ ಹೋಗ್ತಿದ್ರು. ಒಂದು ದಿನ ಹೋದೋರು ಬರ್ಲಿಲ್ಲ. ನಾನು ಇನ್ನೂ ಎತ್ತುತ್ತಾ ಇದ್ದೀನಿ. ಎತ್ತೋದು ನನಗೇ ಗೊತ್ತಿರಲಿಲ್ಲ, ಮೊನ್ನೆ ಬಟಾಣಿ ನನ್ನ ಹಾಗೆ ಆಡೋದು ನೋಡಿ ತಿಳೀತು. ಅವಳು ನನ್ನ ನೋಡಿ ಕಲ್ತಿದ್ದಾಳೆ, ಅಷ್ಟೇ. ತಡೆಹಿಡೀಬೇಕಾಗಿದ್ರೆ ನನ್ನ ತಡೆಹಿಡೀರಿ. ಅವಳು ತಯಾರಾಗಿದ್ದಾಳೆ.”

ಮೇಡಂ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. ಆಮೇಲೆ ಕೈ ಚಾಚಿ ಅವಳ ಅಂಗೈ ಒತ್ತಿದರು. “ಇಷ್ಟು ಚೆನ್ನಾಗಿ ನೋಡಿ ಕಲಿಯೋ ಮಗುನ ನಾನು ಬಿಡ್ತೀನಾ? ಬರ್ಲಿ, ಕಳಿಸಿ.”

ಅವಳು ತಲೆಯೆತ್ತಿದಾಗ ಪುಟ್ಟ ಕುರ್ಚಿ ಖಾಲಿಯಾಗಿತ್ತು. ಲಿಫ್ಟ್ ಮಾಮ ಹೇಳದೆ ಹೋಗಿದ್ದ.

*

ಮರುದಿನದಿಂದ ಬಟಾಣಿಯ ಅಮ್ಮನೇ ಬಂದಳು, ಡ್ಯೂಟಿ ಬದಲಾಯಿಸಿಕೊಂಡಳಂತೆ.

“ಮಾಮ ಬೇಜಾರಲ್ಲಿದ್ದಾನೆ ಮಿಸ್” ಎಂದು ಬಟಾಣಿ ಬಣ್ಣ ಹಚ್ಚುತ್ತಾ ವರದಿ ಕೊಟ್ಟಳು. “ಬಾಯಲ್ಲಿ ಹೇಳು ಅಂದೆ. ಹೇಳ್ತಾನೇ ಇಲ್ಲ. ಕಚ್ಚೋದೂ ಇಲ್ಲ.”

ಮಿಸ್ ಈಗ ಕಿಟಕಿಯ ಬಳಿ ಎಚ್ಚರದಿಂದ ಕೈಕಟ್ಟಿ ನಿಲ್ಲುತ್ತಿದ್ದಳು. ಎಲ್ಲರೂ ಹೋದ ಮೇಲೆ ಕಂಬ ಕಾಣುತ್ತಿತ್ತು. ಆದರೆ ಕಣ್ಣು ಕಂಬದ ಬಳಿ ನಿಲ್ಲದೆ ರಸ್ತೆ ದಾಟಿ ಆಚೆ ಹೋಗುತ್ತಿತ್ತು. ವ್ಯಾನು ನಿಲ್ಲುತ್ತಿದ್ದ ಜಾಗದಲ್ಲಿ ಎಣ್ಣೆಯ ಕಲೆ ಮಾತ್ರ ಇತ್ತು. ತಾನು ದಿನಾ ಯಾವ ಖಾಲಿ ಜಾಗವನ್ನು ನೋಡುತ್ತಿದ್ದೇನೆ ಎಂದು ಅರಿವಾದಾಗ ಅವಳಿಗೆ ಭಯವಾಯಿತು, ಹಿಂದೆಯೇ ಅಳು ಬಂತು.

ಸಂಜೆ ಅತ್ತೆ ಬಟ್ಟೆ ಮಡಚುತ್ತಾ ಕೂತಿದ್ದರು. ಮಗ ಹೋದ ಮೇಲೂ ಅತ್ತೆ ಸೊಸೆ ಒಂದೇ ಮನೆ, ಒಂದೇ ಟಿವಿ, ಒಂದೇ ಜಗಳ. ಸೊಸೆ ಒಂದೇ ಟವೆಲನ್ನು ಮೂರನೇ ಸಲ ಬಿಚ್ಚಿ ಮಡಚಿದಾಗ ಅತ್ತೆ ಅದನ್ನು ಕಿತ್ತುಕೊಂಡರು.

“ಆ ಟವೆಲ್ಲು ಏನು ಪಾಪ ಮಾಡಿತ್ತೇ? ಏನಾಯ್ತು ಹೇಳು.”

ಹೇಳಿದಳು. ಎರಡು ಬೆರಳು, ಕಂಬ, ಬಟಾಣಿ, ವ್ಯಾನು. ಯಾವುದನ್ನೂ ಬಿಡಲಿಲ್ಲ. ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡರು.

“ಹೆತ್ತವಳು ನಾನು ಕಣೇ. ನನಗೂ ಅವನು ಅಡುಗೆಮನೆ ಬಾಗಿಲಲ್ಲಿ ನಿಂತ ಹಾಗೆ ಆಗ್ತಿತ್ತು. ಒಂದು ದಿನ ಅನ್ನಿಸ್ತು, ಇಷ್ಟು ದಿನ ನಿಂತೇ ಇದ್ದಾನಲ್ಲ ಮಗ, ಕಾಲು ನೋಯಲ್ವಾ? ಹೋಗಪ್ಪಾ, ಕೂತ್ಕೋ ಹೋಗು, ನಾನು ಚೆನ್ನಾಗೇ ಇದ್ದೀನಿ ಅಂದೆ.” ಅವರು ಸೊಸೆಯ ಕೆನ್ನೆಗೆ ಕೈಯಿಟ್ಟರು. “ನೀನು ಬೆರಳು ಎತ್ತುತ್ತಾ ಇದ್ರೆ ಅವನು ಹೇಗೆ ಹೊರಡ್ತಾನೆ? ಮಾತು ತಪ್ಪೋನಲ್ಲ ನನ್ನ ಮಗ. ನೀನು ಹೊರಡು ಅನ್ನೋ ತನಕ ನಿಂತಿರ್ತಾನೆ.”

ಇಬ್ಬರೂ ಮಡಚಿದ ಬಟ್ಟೆಗಳ ನಡುವೆ ಕೂತು ಮನಸ್ಸು ಹಗುರಾಗುವಷ್ಟು ಅತ್ತರು. ಆಮೇಲೆ ಅತ್ತೆ ಕೇಳಿದರು, “ಆ ಲಿಫ್ಟಿನವನು, ನಮ್ಮ ಮಿಕ್ಸಿ ರಿಪೇರಿ ಮಾಡ್ತಾನೇನೇ?”

*

ವರ್ಷದ ಕೊನೆಯ ದಿನ ಮಕ್ಕಳೆಲ್ಲ ಹೋದ ಮೇಲೆ ತರಗತಿ ವಿಚಿತ್ರ ನಿಶ್ಶಬ್ದವಾಗಿತ್ತು. ಬ್ಯಾಗಿನ ಕೊಕ್ಕೆಗಳು ಬರಿದಾಗಿದ್ದವು. ಮಿಸ್ ಟಾಟಾ ಕಿಟಕಿಯ ಮುಂದೆ ಮಂಡಿಯೂರಿದಳು. ಗಾಜಿನ ಮೇಲೆ ಪುಟ್ಟ ಪುಟ್ಟ ಮೂಗಿನ ಗುರುತುಗಳಿದ್ದವು. ಮಕ್ಕಳ ಎತ್ತರದಿಂದ ಅವಳು ಕಂಬವನ್ನು ನೋಡುತ್ತಿದ್ದದ್ದು ಅದೇ ಮೊದಲು.

ಗಂಡ ಅಲ್ಲಿದ್ದ. ಇದ್ದ ಎಂದೇ ಹೇಳಬೇಕು. ಹೆಲ್ಮೆಟ್ಟು ಕಂಕುಳಲ್ಲಿ, ಒಂದು ಕಾಲಿನ ಭಾರ ಇನ್ನೊಂದಕ್ಕೆ ಬದಲಾಯಿಸುತ್ತಾ.

“ರೀ,” ಎಂದಳು, “ಇನ್ನು ಹೊರಡಿ. ನಿಂತು ನಿಂತು ಕಾಲು ನೋಯುತ್ತೆ. ಅತ್ತೆ ಚೆನ್ನಾಗಿದ್ದಾರೆ. ನಾನೂ ಇರ್ತೀನಿ.”

ಕೊನೆಯ ಸಲ ಎರಡು ಬೆರಳು ಎತ್ತಿದಳು. ಕಣ್ಣು ಮಂಜಾಗಿ ಏನೂ ಕಾಣಲಿಲ್ಲ. ಒರೆಸಿಕೊಂಡು ನೋಡಿದಾಗ ಬೀದಿನಾಯಿಯೊಂದು ಬಂದು ಕಂಬವನ್ನು ಮೂಸಿ, ಒಂದು ಸುತ್ತು ಹಾಕಿ, ನಿಶ್ಚಿಂತೆಯಿಂದ ಕಾಲೆತ್ತಿತು. ಅವಳಿಗೆ ಅಳುವಿನ ನಡುವೆಯೇ ನಗು ಬಂತು.

*

ದೊಡ್ಡ ಸ್ಕೂಲಿಗೆ ಟಾಟಾ ಕಿಟಕಿ ಇಲ್ಲ. ಎತ್ತರದ ಗೇಟು, ಉದ್ದದ ಅಂಗಳ, ಅಷ್ಟೇ. ಮೊದಲ ದಿನ ಮಿಸ್ ಅರ್ಧ ದಿನ ರಜೆ ಹಾಕಿ ಅಲ್ಲಿಗೆ ಬಂದಳು. ಬಟಾಣಿಯ ಅಮ್ಮ ಇದ್ದಳು, ಪಕ್ಕದಲ್ಲಿ ಲಿಫ್ಟ್ ಮಾಮನೂ ಇದ್ದ. ಇಸ್ತ್ರಿ ಮಾಡಿದ ಅಂಗಿ, ಸರಿಯಾಗಿ ನಿದ್ದೆ ಮಾಡದ ಕಣ್ಣು.

ಬಟಾಣಿ ಯಾರ ಕೈಯನ್ನೂ ಹಿಡಿಯದೆ ಅಂಗಳ ದಾಟಿದಳು. ಮೆಟ್ಟಿಲ ಮೇಲೆ ತಿರುಗಿ ಎರಡು ಬೆರಳು ಎತ್ತಿ ಕೂಗಿದಳು: “ಒಂದು ಮಾಮಂಗೆ, ಒಂದು ಮಿಸ್‌ಗೆ!”

“ಹೆತ್ತವಳಿಗೆ ಏನೂ ಇಲ್ಲ” ಎಂದು ನರ್ಸಮ್ಮ ನಿಟ್ಟುಸಿರು ಬಿಟ್ಟು, ಇಬ್ಬರ ಮುಖವನ್ನೂ ನೋಡಿ, ಡ್ಯೂಟಿಗೆ ತಡವಾಯಿತೆಂದು ಬೇಕೆಂದೇ ಬೇಗ ಹೊರಟಳು.

“ಹೇಳದೆ ಹೋದ್ರಿ” ಎಂದಳು ಮಿಸ್.

“ನನಗೆ ಬೇಜಾರಾಗಿತ್ತು.” ಅವನು ಮಗುವಿನ ಹಾಗೆ ಒಂದೊಂದೇ ಮಾತು ಹುಡುಕಿ ಹೇಳಿದ. “ಬೇರೆಯವರ ವಸ್ತುನ ಇಷ್ಟು ದಿನ ನನ್ನದು ಅಂತ ಜೇಬಲ್ಲಿಟ್ಕೊಂಡು ತಿರುಗಿದ ಹಾಗೆ ನಾಚಿಕೆ ಆಯ್ತು. ನಿಮ್ಮ ಮೇಲೆ ಕೋಪ ಇಲ್ಲ ಮಿಸ್. ನೀವು ಅಂದ್ರೆ ನನಗೆ ತುಂಬಾ ಇಷ್ಟ. ಆ ಬೆರಳು ನನಗಲ್ಲ ಅಂತ ಗೊತ್ತಾದ ಮೇಲೂ ಇಷ್ಟ ಕಡಿಮೆ ಆಗ್ಲಿಲ್ಲ, ಏನ್ಮಾಡಲಿ?”

ಅವಳು ಗೇಟಿನ ಸರಳು ಹಿಡಿದುಕೊಂಡಳು. “ನನಗೂ ಇಷ್ಟ. ಅದಕ್ಕೇ ಹೆದರಿಕೆ. ಹೋದವರು ಬರ್ತಾರೆ ಅಂತ ದಿನಾ ಮಕ್ಕಳಿಗೆ ಹೇಳ್ತೀನಿ, ನನಗೇ ನಂಬಿಕೆ ಇಲ್ಲ. ನೀವು ದಿನಾ ಲಿಫ್ಟ್ ಓಡಾಡೋ ಆ ಕತ್ತಲೆ ಬಾವಿಗೆ ಇಳೀತೀರಿ.”

“ಬಂದೇ ಬರ್ತೀನಿ ಅಂತ ಬರ್ಕೊಡೋಕೆ ನನ್ನ ಕೈಲಾಗಲ್ಲ ಮಿಸ್.” ಅವನು ನಗಲಿಲ್ಲ. “ಹೇಳಿ ಹೋಗ್ತೀನಿ. ಹುಷಾರಾಗಿರ್ತೀನಿ. ಅಷ್ಟು ಮಾತ್ರ ನನ್ನ ಕೈಲಿರೋದು.”

ಅವನ ಫೋನು ಹೊಡೆದುಕೊಂಡಿತು. ಎಲ್ಲೋ ಯಾರೋ ಲಿಫ್ಟಿನಲ್ಲಿ ಸಿಕ್ಕಿಕೊಂಡಿದ್ದರು. ಅವನು ಅವಳ ಕಣ್ಣಲ್ಲಿ ಕಣ್ಣಿಟ್ಟು, ರೂಲಿನ ಪ್ರಕಾರ, “ಹೋಗಿ ಬರ್ತೀನಿ” ಎಂದ.

ರಸ್ತೆ ದಾಟಿ ವ್ಯಾನಿನ ಬಾಗಿಲು ತೆರೆದು ತಿರುಗಿದಾಗ ಅವಳು ಕೈ ಬೀಸುತ್ತಿದ್ದಳು. ಎರಡು ಬೆರಳಲ್ಲ, ಇಡೀ ಕೈ, ತಲೆಯ ಮೇಲಕ್ಕೆತ್ತಿ, ಬೀದಿಗೆಲ್ಲ ಕಾಣುವ ಹಾಗೆ. ಅವನು ಗಾಬರಿಯಿಂದ ಹಿಂದೆ ತಿರುಗಿ ನೋಡಿದ, ಬೇರೆ ಯಾರಿಗಾದರೂ ಇರಬಹುದೇ ಎಂದು. ಹಿಂದೆ ಯಾರೂ ಇರಲಿಲ್ಲ.

“ನಿಮಗೇ ರೀ!” ಎಂದು ಅವಳು ಕೂಗಿದಳು. ಕೂಗಿದ ಮೇಲೆ ಕೆನ್ನೆ ಬಿಸಿಯಾಯಿತು.

ತನ್ನ ಶಾಲೆಗೆ ಮರಳಿದ ಮೇಲೆ ಸಂಜೆಯವರೆಗೂ ಅವಳು ಬಾಗಿಲಿಗೆ ಬೆನ್ನು ಹಾಕಲಿಲ್ಲ. ಹೊಸ ಮಕ್ಕಳಿಗೆ ಬಣ್ಣ ಕೊಟ್ಟಳು, ಮೂಗು ಒರೆಸಿದಳು, ಗಡಿಯಾರ ನೋಡಿದಳು. “ಹೋದವರು ಬರ್ತಾರೆ” ಎಂದು ಯಾರಿಗೆ ಹೇಳಿಕೊಳ್ಳುತ್ತಿದ್ದಾಳೆಂದು ಆಯಮ್ಮನಿಗೂ ಅನುಮಾನ ಬಂತು.

ಸಂಜೆ ದೊಡ್ಡ ಸ್ಕೂಲಿನ ಗೇಟಿನಲ್ಲಿ ಅವಳು ಬಟಾಣಿಯ ಪಕ್ಕ ನಿಂತಿದ್ದಳು. ಉಳಿದ ಮಕ್ಕಳು ಒಬ್ಬೊಬ್ಬರೇ ಹೊರಟರು. ತಿರುವಿನಲ್ಲಿ ಬಂದ ಪ್ರತಿ ಗಾಡಿಗೂ ಅವಳ ಬೆರಳುಗಳು ಬಟಾಣಿಯ ಕೈಯನ್ನು ಬಿಗಿಯಾಗಿ ಹಿಡಿಯುತ್ತಿದ್ದವು.

“ಮಿಸ್, ಕೈ ನೋಯ್ತಿದೆ” ಎಂದಳು ಬಟಾಣಿ. ಆಮೇಲೆ ಇನ್ನೊಂದು ಕೈಯಿಂದ, ತನಗೆ ಎಟುಕಿದಷ್ಟು ಎತ್ತರಕ್ಕೆ, ಮಿಸ್‌ನ ಬೆನ್ನು ಸವರಿದಳು. “ಅಳಬೇಡಿ. ಅಲ್ಲಿ ನೋಡಿ, ವ್ಯಾನು. ಹೋದವರು ಬರ್ತಾರೆ.”